ಇಂದ್ರಾಣಿಗೆ ಬಂದ ಉಕ್ಕಿನ ಪಿಸ್ತೂಲು

ಬಂಗಾರಪೇಟೆಯ ಕಲ್ಯಾಣಮಂಟಪಗಳಲ್ಲಿ ಇಂದ್ರಾಣಿಯ ತಂಡದ ಅಡಿಗೆ ಇದ್ದರೆ ಸಾರಿನ ಘಮಕ್ಕೂ ಮೊದಲು ಅವಳ ನಗು ಹೊರಗೆ ಬರುತ್ತದೆ. ಐವತ್ತರ ಆಸುಪಾಸಿನ ಹೆಂಗಸು. ದೊಡ್ಡ ಮೈ, ಕೊಪ್ಪರಿಗೆ ಎತ್ತಿ ಎತ್ತಿ ಗಟ್ಟಿಯಾದ ತೋಳು. ಖುಷಿಯಾದರೂ ನಗುತ್ತಾಳೆ, ಹೆದರಿಕೆಯಾದರೂ ನಗುತ್ತಾಳೆ. ಒಮ್ಮೆ ಬೀಗರ ಕಡೆಯವರು ಸಾಂಬಾರಿಗೆ ಉಪ್ಪು ಜಾಸ್ತಿ ಎಂದು ಅಡಿಗೆಕೋಣೆಗೇ ನುಗ್ಗಿದಾಗ ಇವಳು ಹೆದರಿ ನಕ್ಕುಬಿಟ್ಟು, ಉಪ್ಪಿನ ಜಗಳ ಮಾನದ ಜಗಳವಾಗಿ, ಊಟ ತಡವಾಗಿ, ಕೊನೆಗೆ ಜಗಳವಾಡಿದವರೇ ನಗಲು ಶುರುಮಾಡಿದ್ದರು. ಗಂಡ ಮುನಿರಾಜು ಪಾತ್ರೆ ಸಾಗಿಸುವ ಟೆಂಪೊ ಓಡಿಸುತ್ತಾನೆ. ಅವನು ಗಂಭೀರ ಮನುಷ್ಯ. ಹೆಂಡತಿ ನಗತೊಡಗಿದರೆ ಆಕಾಶ ನೋಡುತ್ತ, ಲೆವೆಲ್ ಕ್ರಾಸಿಂಗಿನಲ್ಲಿ ಗೂಡ್ಸ್ ಗಾಡಿ ದಾಟುವುದಕ್ಕೆ ಕಾಯುವವನ ಹಾಗೆ ನಿಂತಿರುತ್ತಾನೆ.

ಇಂಥವಳ ಕೈಗೆ ಪಿಸ್ತೂಲು ಬಂದದ್ದು ಅಪ್ಪನಿಂದ.

ಅಪ್ಪ ಬಚ್ಚಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಕಾವಲು ಜಮೇದಾರನಾಗಿದ್ದವನು. ಅವನ ಮೇಲಧಿಕಾರಿಯಾಗಿದ್ದ ಆಂಗ್ಲೋ ಇಂಡಿಯನ್ ಸಾಹೇಬ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಾಗ, ತನ್ನ ಸ್ವಂತ ಪಿಸ್ತೂಲನ್ನು ಕಾಯ್ದೆ ಪ್ರಕಾರ ಬಚ್ಚಪ್ಪನ ಹೆಸರಿಗೆ ಮಾಡಿಸಿ ಹೋದ. ಸಾಹೇಬನ ತಂದೆಯ ಕಾಲದಲ್ಲೇ ಯುರೋಪಿನಿಂದ ಬಂದ ಪಿಸ್ತೂಲು ಅದು. ಆಮೇಲೆ ಗಣಿ ಮುಚ್ಚಿತು, ಸೈರನ್ ನಿಂತಿತು. ಆಂಡರ್ಸನ್‌ಪೇಟೆಯ ಮನೆಯಲ್ಲಿ ಮಗಳು ಅಳಿಯನ ಜೊತೆಗಿದ್ದ ಬಚ್ಚಪ್ಪ ಮಾತ್ರ ಲೈಸೆನ್ಸ್ ನವೀಕರಿಸುತ್ತ, ಭಾನುವಾರಗಳಲ್ಲಿ ಅದಕ್ಕೆ ಎಣ್ಣೆ ಹಾಕಿ ಒರೆಸುತ್ತ ಬಂದ.

ಎಂಬತ್ತು ದಾಟಿದ ಮೇಲೆ ಅವನ ಕೈ ನಡುಗತೊಡಗಿತು. ಕಾಮಸಮುದ್ರದಲ್ಲಿರುವ ಮಗ ಜಯರಾಮಪ್ಪ ಬಂದು, “ಅಪ್ಪಾ, ಅದನ್ನ ಯಾವ್ದಾರ ಅಂಗಡಿಗೆ ಕೊಟ್ಬುಡು. ಈಗ ಎಲ್ಲಾ ಪ್ಲಾಸ್ಟಿಕ್ ಮೈ ಪಿಸ್ತೂಲು ತಗಂತಾರೆ. ಈ ಕಬ್ಬಿಣದ ತುಂಡು ಯಾವನಿಗೆ ಬೇಕು?” ಎಂದ.

“ಕಬ್ಬಿಣ ಅಲ್ಲ ಕಣ್ಲಾ, ಉಕ್ಕು,” ಎಂದ ಬಚ್ಚಪ್ಪ. ಅಡಿಗೆಮನೆಯ ಕಡೆ ತಿರುಗಿ ಕೂಗಿದ. “ಇಂದ್ರಾಣೀ, ಬಾ ಇಲ್ಲಿ. ಕೈ ಒರೆಸ್ಕಂಡು ಬಾ.”

ಅವಳು ಬಂದಳು. ಬಚ್ಚಪ್ಪ ಫ್ಲಾನೆಲ್ ಬಟ್ಟೆ ಬಿಚ್ಚಿ, ಹಿಡಿಯ ಕೆಳಗಿನಿಂದ ಗುಂಡು ತುಂಬುವ ಮ್ಯಾಗಜಿನ್ ತೆಗೆದ. ಪಿಸ್ತೂಲಿನ ಮೇಲ್ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆದು ಒಳಗೆ ಇಣುಕಿ, ಕಣ್ಣು ನಂಬದವನ ಹಾಗೆ ಕಿರುಬೆರಳು ಹಾಕಿಯೂ ನೋಡಿ, ಖಾಲಿ ಎಂದು ಖಾತ್ರಿಯಾದ ಮೇಲೆ ಮಗಳ ಅಂಗೈಯಲ್ಲಿಟ್ಟ.

ಇಷ್ಟು ವರ್ಷ ದೂರದಿಂದಲೇ ನೋಡಿದ್ದಳು. ಕಪ್ಪುನೀಲಿ ಬಣ್ಣ ಅಂಚುಗಳಲ್ಲಿ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಂಗೈಯಗಲದ ವಸ್ತುವಿಗೆ ಇಷ್ಟು ಭಾರ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಮೊದಲು ತಣ್ಣಗಿತ್ತು, ಸ್ವಲ್ಪ ಹೊತ್ತಿಗೆ ಅವಳ ಕೈಯ ಬಿಸಿಯನ್ನೇ ಹೀರಿಕೊಂಡು ಬೆಚ್ಚಗಾಯಿತು.

“ಅಯ್ಯಪ್ಪಾ, ಒಳ್ಳೆ ಗುಂಡುಕಲ್ಲು ಇದ್ದಂಗೈತೆ!” ಎಂದು ನಕ್ಕಳು.

“ಮ್ಯಾಲಿಂದು ಎಳಿ.”

ಎಳೆದಳು. ಬಿಟ್ಟಳು. ಒಂದು ಚೂರೂ ಗಲಗಲ ಎನ್ನದೆ, ಒಳ್ಳೆಯ ಬೀಗ ಬಿದ್ದ ಹಾಗೆ ‘ಚಕ್’ ಎಂದು ಕೂತಿತು. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ. ಆ ಸದ್ದಿಗೆ ಅವಳಿಗೆ ಕಚಗುಳಿ ಇಟ್ಟಂತಾಗಿ ಗೋಡೆಗೆ ಒರಗಿಕೊಂಡು ನಗತೊಡಗಿದಳು. ಜಯರಾಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ಇದು ನಿಂಗೇ,” ಎಂದ ಬಚ್ಚಪ್ಪ.

ಮುನಿರಾಜು ಸಂಜೆ ಮನೆಗೆ ಬಂದಾಗ ವಿಷಯ ತಿಳಿದು ಚಪ್ಪಲಿ ಬಿಡುವುದನ್ನೂ ಮರೆತ. “ಮಾವ, ನೀವೇ ಯೋಚ್ನೆ ಮಾಡಿ. ಇವ್ಳು ಒಗ್ಗರಣೆ ಸೌಟು ಹಿಡಿದು ನಕ್ಕರೇ ಪಕ್ಕದಲ್ಲಿರೋರಿಗೆ ಎಣ್ಣೆ ಸಿಡೀತದೆ. ಕೈಯಾಗೆ ಅದಿದ್ರೆ ನಾನು ಓಡೋದೆಲ್ಲಿಗೆ?”

ಅದಕ್ಕೂ ಅವಳು ನಕ್ಕಳು.

ತಂದೆಯ ಆಯುಧ ಮಗಳ ಹೆಸರಿಗೆ ಬರಲು ಕಾನೂನಿನ ಅಡ್ಡಿಯಿಲ್ಲ, ಆದರೆ ಬಂದೂಕು ತರಬೇತಿ ಮುಗಿಸಿರಬೇಕು. ಲೈಸೆನ್ಸ್ ಇನ್ನೂ ಅಪ್ಪನದೇ ಆದ್ದರಿಂದ ಪಿಸ್ತೂಲಿನ ಜೊತೆ ಅಪ್ಪನೂ ಬರಬೇಕಾಯಿತು. ಬೆಳಿಗ್ಗೆ ಮುನಿರಾಜು ಇಬ್ಬರನ್ನೂ ಟೆಂಪೊದಲ್ಲಿ ಕೂರಿಸಿಕೊಂಡು, ಗಣಿಯವರು ಚಿನ್ನ ತೆಗೆದ ಪುಡಿಮಣ್ಣು ಸುರಿದು ಬೆಳೆದ ಸಯನೈಡ್ ದಿಬ್ಬದ ಹಿಂದಿನ ಬಯಲಿಗೆ ಬಿಟ್ಟುಬರುತ್ತಿದ್ದ. ಅಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ಮುಂದೆ ಗುರಿಯ ಹಲಗೆಗಳನ್ನು ನೆಟ್ಟಿದ್ದರು.

ಕಲಿಸುವವನು ಕಾಂತರಾಜ್, ಪೊಲೀಸ್ ಆಯುಧಾಗಾರದ ಮುಖ್ಯಪೇದೆ. ಹುರಿಮೀಸೆ, ಇಸ್ತ್ರಿ ಗೆರೆ ಮುರಿಯದ ಅಂಗಿ. ಮೊದಲ ದಿನ ಸಾಲಾಗಿ ನಿಂತವರ ಮುಂದೆ ಅವನು, “ತುಂಬೈತೋ ಖಾಲಿಯೋ, ನಳಿಕೆ ಯಾವತ್ತೂ ಮನುಷ್ಯರ ಕಡೆ ತಿರುಗಬಾರ್ದು,” ಎಂದು ಗುಡುಗಿದ. ಇಂದ್ರಾಣಿಗೆ ಹೆದರಿಕೆಯಾಯಿತು. ಅವಳಿಗೆ ಹೆದರಿಕೆಯಾದರೆ ಏನಾಗುತ್ತದೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

“ಏನಮ್ಮಾ, ನಾನೇನು ಜೋಕ್ ಹೇಳಿದ್ನಾ?”

“ಇಲ್ಲ ಸಾರ್,” ಎಂದು ಬಾಯಿಗೆ ಸೆರಗು ಒತ್ತಿದಳು. ಸೆರಗಿನೊಳಗಿಂದ ನಗು ಇನ್ನೊಂದು ಥರ ಹೊರಬಂತು.

“ಆ ಹೊಂಗೆಮರದ ಕೆಳಗೆ ನಿಂತ್ಕಳಿ. ನಗು ಖಾಲಿಯಾದ್ಮೇಲೆ ಬನ್ನಿ.”

ಹೊಂಗೆಮರದಡಿ ನಗು ಮುಗಿಸಿ ಅವಳು ಬರುವಷ್ಟರಲ್ಲಿ ಕಾಂತರಾಜ್ ಮೇಜಿನ ಮೇಲೆ ಟವೆಲ್ ಹಾಸಿ ಬಚ್ಚಪ್ಪನ ಪಿಸ್ತೂಲನ್ನು ಬಿಚ್ಚಿ ಹರಡಿದ್ದ. ಗುಡುಗಿದ ಮನುಷ್ಯನ ದನಿ ಈಗ ತೊಟ್ಟಿಲು ತೂಗುವವರದಾಗಿತ್ತು. “ಎಷ್ಟು ಕಮ್ಮಿ ಸಾಮಾನು ನೋಡ್ರಿ. ಒಂದು ಗಟ್ಟಿ ಉಕ್ಕಿನಾಗೆ ಕಡೆದೌರೆ. ಈ ಗೀರು ಕಾಣ್ತದಲ್ಲ, ಅರ ಹಿಡಿದು ಕೈಯಾಗೇ ಉಜ್ಜಿರೋದು. ಸ್ಪ್ರಿಂಗು ಒಂದು ದಣಿದೈತೆ, ಬದಲಾಯಿಸಿದ್ರೆ ನಮ್ಮೆಲ್ಲರಿಗಿಂತ ಜಾಸ್ತಿ ಬಾಳ್ತದೆ.”

“ಅದಕ್ಕೆ ವಯಸ್ಸಾಗಿಲ್ಲ ಸಾರ್, ನಂಗಾಗೈತೆ,” ಎಂದ ಬಚ್ಚಪ್ಪ ಬೀಗುತ್ತ.

ಸ್ಪ್ರಿಂಗು ಬೆಂಗಳೂರಿನಿಂದ ಬಂತು. ಗುಂಡು ಹಾರಿಸುವ ದಿನವೂ ಬಂತು. ಅವಳ ಪಕ್ಕದಲ್ಲಿ ನಿಂತವನು ಅಶ್ವಥ್, ಬಂಗಾರಪೇಟೆಯ ಹೊರಗೆ ಜಲ್ಲಿ ಕ್ರಷರ್ ನಡೆಸುವವನು. ಅವನದು ಅದರ ಆಕಾರಕ್ಕೇ ಅಚ್ಚು ಮಾಡಿದ ಪೆಟ್ಟಿಗೆಯಲ್ಲಿ ಕೂತ ಹೊಚ್ಚಹೊಸ ಪಿಸ್ತೂಲು. ಪಾಲಿಮರ್ ಮೈ, ಮೊಬೈಲಿನಷ್ಟು ಹಗುರ. ಇಂದ್ರಾಣಿಯದನ್ನು ನೋಡಿ, “ಏನಕ್ಕಾ, ಮ್ಯೂಸಿಯಮ್ಮಿಂದ ಎತ್ಕಂಡ್ ಬಂದ್ರಾ?” ಎಂದ. ಇಬ್ಬರೂ ಸೇರಿ ನಕ್ಕರು.

ಅಶ್ವಥ್ ಮೊದಲು ಹಾರಿಸಿದ. ಒಂದೆರಡು ಗುಂಡು ಸರಿಯಾಗಿ ಹೋದವು. ಮುಂದಿನದಕ್ಕೆ ತೋಟಾದ ಖಾಲಿ ಕೋಶ ಪೂರ್ತಿ ಹೊರಕ್ಕೆ ಹಾರದೆ ಸ್ಲೈಡಿನ ಬಾಯಲ್ಲೇ ಸಿಕ್ಕಿಕೊಂಡು ಒಲೆಯ ಚಿಮಣಿಯ ಹಾಗೆ ನೆಟ್ಟಗೆ ನಿಂತಿತು.

“ಪಿಸ್ತೂಲು ಸರಿಯಾಗೇ ಐತೆ. ನೀನು ಮಣಿಕಟ್ಟು ಸಡಿಲ ಬಿಟ್ಟೆ,” ಎಂದ ಕಾಂತರಾಜ್. “ಗುಂಡು ಹಾರಿದಾಗ ಸ್ಲೈಡು ಹಿಂದಕ್ಕೆ ಓಡಿ ಬರಬೇಕು. ಕೆಳಗಿನ ಮೈ ಅಲ್ಲಾಡದಂಗೆ ನಿಂತಿದ್ರೇ ಅದು ಪೂರ್ತಿ ಬರೋದು. ಹಗುರ ಮೈ ಆದ್ರೆ ನಿನ್ ಕೈ ಗೋಡೆ ಆಗ್ಬೇಕು. ಆ ಅಮ್ಮಂದು ತೂಕದ ಮೈ, ಅರ್ಧ ಕೆಲಸ ಅದೇ ಮಾಡ್ಕಂತದೆ.”

ಇಂದ್ರಾಣಿಯ ಸರದಿ. ಎರಡೂ ಕೈಯಲ್ಲಿ ಹಿಡಿದು, ನಳಿಕೆಯ ತುದಿಯಲ್ಲಿ ಕಾಣಿಸೀ ಕಾಣಿಸದಷ್ಟು ಚಿಕ್ಕ ಗುರಿಮೊನೆಯನ್ನು ಹುಡುಕಿ, ಉಸಿರು ಕಟ್ಟಿ ಟ್ರಿಗರ್ ಎಳೆದಳು. ಕೈಯಲ್ಲಿ ಯಾರೋ ಬಲವಾಗಿ ಹಸ್ತಲಾಘವ ಕೊಟ್ಟ ಹಾಗಾಯಿತು. ಹಿತ್ತಾಳೆ ಕೋಶ ಬಿಸಿಲಲ್ಲಿ ಮಿನುಗುತ್ತ ಹಾರಿ ಅಪ್ಪನ ಪಾದದ ಬಳಿ ಬಿತ್ತು. ಅಷ್ಟರಲ್ಲಿ ಮುಂದಿನ ಗುಂಡು ತಾನಾಗಿ ಒಳಗೆ ಸೇರಿ ಕಾಯುತ್ತಿತ್ತು. ಮತ್ತೆ ಎಳೆದಳು. ಮತ್ತೆ. ಮ್ಯಾಗಜಿನ್ ಖಾಲಿಯಾಗುವವರೆಗೂ ಎಲ್ಲೂ ತಡೆಯಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ರಕ್ತ. ಹಿಂದಕ್ಕೆ ಓಡಿಬಂದ ಸ್ಲೈಡು ಅವಳ ದಪ್ಪ ಕೈಯ ಮಾಂಸವನ್ನು ಕಚ್ಚಿತ್ತು.

“ಅಪ್ಪಾ, ಇದಕ್ಕೆ ಹಲ್ಲೂ ಐತೆ!”

“ನಂಗೂ ಕಚ್ತಿತ್ತು ಕಣಮ್ಮಿ! ಹೇಳೋದು ಮರ್ತಿದ್ದೆ,” ಎಂದು ಬಚ್ಚಪ್ಪ ಕೈ ಚಾಚಿ ತನ್ನ ಹಳೆಯ ಗಾಯದ ಗುರುತು ತೋರಿಸಿದ. ಅಪ್ಪ ಮಗಳು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಂತರಾಜ್ ಪ್ಲಾಸ್ಟರ್ ಹುಡುಕುವ ನೆಪದಲ್ಲಿ ಅತ್ತ ತಿರುಗಿಕೊಂಡ. ಅವನ ಮೀಸೆ ಅಲ್ಲಾಡುತ್ತಿತ್ತು.

ಗುಂಡುಗಳೇನೋ ಹೋದವು, ಹಲಗೆಗೆ ಬಿದ್ದದ್ದು ಕಡಿಮೆ. ನಗು ಉಕ್ಕುವುದನ್ನು ತಡೆದಷ್ಟೂ ಅವಳ ಭುಜ ಅಲುಗುತ್ತಿತ್ತು. ಕೆಲವು ದಿನ ನೋಡಿದ ಕಾಂತರಾಜ್ ಕೊನೆಗೆ ಹೇಳಿದ, “ತಡೀಬೇಡ್ರಮ್ಮ. ಪಿಸ್ತೂಲು ಮೇಜಿನ ಮ್ಯಾಲಿಟ್ಟು, ಪೂರ್ತಿ ನಕ್ಬುಡಿ. ಎಲ್ಲಾ ಮುಗಿದ್ಮೇಲೆ ಎತ್ಕಳಿ.”

ಹಾಗೇ ಮಾಡಿದಳು. ಮನಸಾರೆ ನಕ್ಕು ಸುಮ್ಮನಾದ ಮೇಲೆ ಮೈಯೆಲ್ಲ ಹಗುರ, ಎದೆಯಲ್ಲಿ ಉಸಿರೇ ಇಲ್ಲ ಎನ್ನುವಷ್ಟು ನಿಶ್ಶಬ್ದ. ಆ ಹೊತ್ತಿನಲ್ಲಿ ಪಿಸ್ತೂಲಿನ ಭಾರ ಕೈಯನ್ನು ತಾನೇ ಹಿಡಿದು ನಿಲ್ಲಿಸಿತು. ಗುಂಡು ಹಲಗೆಯ ಕಪ್ಪು ವೃತ್ತಕ್ಕೆ ಬಿತ್ತು. ಅದರ ಪಕ್ಕದಲ್ಲೇ ಇನ್ನೊಂದು.

ತರಬೇತಿಯ ಕೊನೆಯ ದಿನ ಸ್ಪರ್ಧೆ. ಊಟವೂ ಇಂದ್ರಾಣಿಯದೇ. ಬೆಳಗಿನ ಜಾವಕ್ಕೆ ಎದ್ದು ಮುದ್ದೆಗೆ, ಅವರೆಕಾಳು ಸಾರಿಗೆ ಎಲ್ಲಾ ಅಣಿಮಾಡಿ, ಕೆಲಸದವರಿಗೆ ಒಲೆ ಒಪ್ಪಿಸಿ, ಸೆರಗು ಸಿಕ್ಕಿಸಿಕೊಂಡು ಗುಂಡು ಹಾರಿಸಲು ನಿಂತಳು. ಬಚ್ಚಪ್ಪ ಇಸ್ತ್ರಿ ಪಂಚೆ ಉಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಮದುವೆ ಮನೆಯ ಹಿರಿಯನಂತೆ ಕೂತಿದ್ದ.

ಮಧ್ಯದಲ್ಲಿ ಒಮ್ಮೆ ಟ್ರಿಗರ್ ಎಳೆದರೆ ಬರೀ ‘ಟಿಕ್’ ಎಂದಿತು. ತೋಟಾ ತಡವಾಗಿ ಸಿಡಿದೀತೆಂದು ಇಂದ್ರಾಣಿ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕಾದಳು. ಆಮೇಲೆ ಕಾಂತರಾಜ್ ಬಂದು ತೋಟಾ ತೆಗೆದು ನೋಡಿ, “ಇದ್ಯಾವ ಕಾಲದ್ದು?” ಎಂದು ಕೇಳಿದ.

ಬಚ್ಚಪ್ಪ ಮೆಲ್ಲಗೆ, “ಒಂದು ಹಳೇದು ಉಳಿದಿತ್ತು ಸಾರ್. ಪಾಪ ಅದೂ ಬರಲಿ ಅಂತ ಸೇರಿಸ್ದೆ,” ಎಂದ.

“ತಾತಾ! ಮದುವೆ ದಿಬ್ಬಣ ಅಲ್ಲ ಇದು!”

ಬಯಲೆಲ್ಲ ನಕ್ಕಿತು. ಹೊಸ ತೋಟಾ ಹಾಕಿದ ಮೇಲೆ ಪಿಸ್ತೂಲು ಮತ್ತೆ ಬಿಡುವಿಲ್ಲದೆ ನಡೆಯಿತು. ಇಂದ್ರಾಣಿಗೆ ಎರಡನೆಯ ಸ್ಥಾನ ಬಂತು. ಅಶ್ವಥ್ ಮಣಿಕಟ್ಟು ಗಟ್ಟಿಮಾಡಿಕೊಂಡು ತನ್ನ ಹೊಸ ಪಿಸ್ತೂಲಿನಲ್ಲೇ ಮೊದಲನೆಯವನಾದ. ಬಹುಮಾನದ ಕಪ್ ಹಿಡಿದುಕೊಂಡೇ ಅವನು ಬಚ್ಚಪ್ಪನ ಹತ್ತಿರ ಬಂದು, “ತಾತಾ, ಒಂದ್ಸಲ ನಿಮ್ದರಲ್ಲಿ ಹೊಡೀಲಾ?” ಎಂದು ಮಕ್ಕಳ ಹಾಗೆ ಕೇಳಿದ. ಕಾಂತರಾಜ್ ಪಕ್ಕದಲ್ಲಿ ನಿಂತ. ಅಶ್ವಥ್ ಹಾರಿಸಿ, ಕಣ್ಣರಳಿಸಿ, “ಬೆಣ್ಣೆ ತಾತಾ, ಬೆಣ್ಣೆ!” ಎಂದ. ಅವನ ಹಿಂದೆ ಸಾಲು ನಿಂತಿತು. ಕೊನೆಗೆ ಕಾಂತರಾಜನೂ, “ಪರೀಕ್ಷೆ ಮಾಡ್ಬೇಕಲ್ಲ,” ಎನ್ನುತ್ತ ಒಂದು ಮ್ಯಾಗಜಿನ್ ಖಾಲಿ ಮಾಡಿದ. ಅಷ್ಟು ಜನರ ಕೈಗೆ ಹೋದರೂ ಆ ಮುದಿ ಉಕ್ಕು ಯಾರಿಗೂ ಕೈಕೊಡಲಿಲ್ಲ.

ಆಗ ಮುದ್ದೆಯ ಪಾತ್ರೆ ಇಳಿಸಲು ಮುನಿರಾಜು ಟೆಂಪೊ ತಂದ.

“ಬಾ ಇಲ್ಲಿ,” ಎಂದಳು ಇಂದ್ರಾಣಿ.

“ನಾನೊಲ್ಲೆ.”

“ಒಂದೇ ಒಂದು. ಸಾರ್ ಪಕ್ಕದಲ್ಲೇ ಇರ್ತಾರೆ.”

ಎಲ್ಲರೂ ಕರೆದರು. ಅವನು ಬಂದು, ಕಾಂತರಾಜ್ ಹೇಳಿದ ಹಾಗೆ ಹಿಡಿದು, ಕಣ್ಣು ಕಿರಿದು ಮಾಡಿ ಟ್ರಿಗರ್ ಎಳೆದ. ಮಣ್ಣಿನ ಗೋಡೆಯಲ್ಲಿ ಎಲ್ಲೋ ದೂಳೆದ್ದಿತು, ಹಲಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಮುನಿರಾಜು ಪಿಸ್ತೂಲನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ. ಆಮೇಲೆ ಅವನ ಹೊಟ್ಟೆಯ ಆಳದಿಂದ ಕೆಟ್ಟುನಿಂತ ಡೀಸೆಲ್ ಎಂಜಿನ್ ಹತ್ತಿಕೊಳ್ಳುವಂತೆ ಒಂದು ಸದ್ದು ಬಂತು. ನಗುತ್ತಿದ್ದ! ಮೊಣಕಾಲು ಹಿಡಿದು ಬಗ್ಗಿ ನಗುತ್ತಿದ್ದ. ಮದುವೆಯಾದಾಗಿನಿಂದ ಅವಳು ಇದನ್ನು ಕೇಳಿರಲಿಲ್ಲ. ಇಂದ್ರಾಣಿ ಬಾಯಿ ತೆರೆದುಕೊಂಡು, ಒಂದಿಷ್ಟೂ ನಗದೆ, ಗಂಡನನ್ನೇ ನೋಡುತ್ತ ನಿಂತುಬಿಟ್ಟಳು.

“ಇನ್ನೊಂದು ಹೊಡೀಲಾ ಸಾರ್?” ಎಂದು ಅವನೇ ಕೇಳಿದ.

ಲೈಸೆನ್ಸ್ ಅವಳ ಹೆಸರಿಗೆ ಬಂತು. ಈಗ ಭಾನುವಾರ ಮೂವರೂ ಕೂತು ಪಿಸ್ತೂಲು ಒರೆಸುತ್ತಾರೆ. ಎಣ್ಣೆ ಹಾಕುವ ಹಕ್ಕು ಬಚ್ಚಪ್ಪನದು, ನಳಿಕೆಗೆ ಬಟ್ಟೆ ಎಳೆಯುವುದು ಮುನಿರಾಜುವಿನ ಕೆಲಸ.

ಮುಂದಿನ ಚುನಾವಣೆ ಘೋಷಣೆಯಾದಾಗ ಲೈಸೆನ್ಸ್ ಇದ್ದವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂತು. ಇಂದ್ರಾಣಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಕೊಟ್ಟು, “ತೇವ ಇರೋ ಕಡೆ ಇಡ್ಬೇಡಿ ಸಾರ್, ತುಕ್ಕು ಹಿಡೀತದೆ,” ಎಂದು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದು ಹೇಳಿದಳು. ಚುನಾವಣೆ ಮುಗಿದು, ಆಯುಧ ವಾಪಸ್ ಕೊಡುವ ದಿನ ಠಾಣೆಯ ಬಾಗಿಲು ತೆರೆಯುವ ಹೊತ್ತಿಗೆ ಬಚ್ಚಪ್ಪ, ಮುನಿರಾಜು, ಇಂದ್ರಾಣಿ ಮೂವರೂ ಮೆಟ್ಟಿಲ ಮೇಲಿದ್ದರು. ಕೈಯಲ್ಲಿ ಬಿಸಿಬಿಸಿ ಒಬ್ಬಟ್ಟಿನ ಡಬ್ಬಿ.

ಪೇದೆ ಡಬ್ಬಿಯನ್ನು ನೋಡಿ, “ಓಹೋ! ನಿಮ್ಮೋರು ಗೆದ್ರೇನಮ್ಮಾ?” ಎಂದ.

“ಯಾರು ಗೆದ್ರೋ ನಂಗೊತ್ತಿಲ್ಲ ಸಾರ್,” ಎಂದಳು ಇಂದ್ರಾಣಿ, ಆಗಲೇ ಭುಜ ಕುಲುಕತೊಡಗಿತ್ತು. “ಬೇಗ ನಮ್ ಪಿಸ್ತೂಲು ಕೊಡಿ!”