ಕಂಪನಿ ಕೊಟ್ಟ ಕಸದ ಡಬ್ಬಿಗಳು

ನಾನು ಐನಾಪುರದ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಯಾವುದೋ ಕಂಪನಿಯ ಅಧಿಕಾರಿಯೊಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು.

"ಸಾಲಿಗೆ ಏನರೆ ಬೇಕೇನ್ರಿ ಮೇಡಮ್? ಈ ತಿಂಗಳದಾಗ ಹೇಳ್ರಿ."

ನಮ್ಮನ್ನು ಅಷ್ಟು ಕಳಕಳಿಯಿಂದ ಯಾರೂ ಕೇಳಿರಲಿಲ್ಲ. "ಹುಡುಗ್ಯಾರ ಪಾಯಖಾನಿಗೆ ನೀರಿಲ್ರಿ. ಒಂದು ಪೈಪ್ ಎಳಸಿಕೊಟ್ರ ಸಾಕು," ಎಂದೆ.

ಅವರ ಮುಖ ಸಣ್ಣದಾಯಿತು. "ನೀರು ಹೋದ ವರ್ಷದ್ದು ಆತ್ರಿ. ಈ ವರ್ಷ ನಮ್ದು ಸ್ವಚ್ಛತಾ."

"ನೀರಿಲ್ಲದ ಸ್ವಚ್ಛತಾ ಹೆಂಗ್ರಿ?"

ಚಹಾ ಕುಡಿಯುತ್ತ ಅವರು ಒಳಗಿನ ಮಾತು ಹೇಳಿಬಿಟ್ಟರು. ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನೇ ಇದೆಯಂತೆ. ಮಾರ್ಚ್ ಕೊನೆಗೆ ಹಣ ಉಳಿಸಿದರೆ ಮೇಲಿನವರು ಬೈಯುತ್ತಾರೆ, ಖರ್ಚು ಮಾಡಿದರೆ ಫೋಟೋ ಕೇಳುತ್ತಾರೆ. "ಪೈಪ್ ನೆಲದಾಗ ಹೋಗ್ತೈತ್ರಿ. ಫೋಟೋದಾಗ ಏನ್ ಕಾಣ್ತೈತಿ?"

ತಿಂಗಳು ಮುಗಿಯುವ ಮೊದಲೇ ಮನೆಗೊಂದರಂತೆ ನೀಲಿ ಕಸದ ಡಬ್ಬಿಗಳು ಲಾರಿಯಲ್ಲಿ ಬಂದವು. ಮೈಮೇಲೆಲ್ಲ ಕಂಪನಿಯ ಹೆಸರು. ಕಸ ಒಯ್ಯುವ ಗಾಡಿ ಮಾತ್ರ ಊರಿಗೆ ಇರಲೇ ಇಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ ಕಾಕು ತಮ್ಮ ಡಬ್ಬಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಜೋಳ ತುಂಬಿಟ್ಟರು.

"ಇಷ್ಟ್ ಛಲೋ ಮುಚ್ಚಳ ಐತಿ. ಇದರಾಗ ಕಸ ಹಾಕಿದ್ರ ಪಾಪ ಹತ್ತತೈತಿ."

ವಾರದೊಳಗೆ ಇಡೀ ಓಣಿ ಹಾಗೇ ಮಾಡಿತು. ಕಸ ಎಂದಿನಂತೆ ತಿಪ್ಪೆಗೆ ಹೋಯಿತು. ಕಂಪನಿಯ ಪೈಪಿನ ಆಸೆ ಬಿಟ್ಟ ನಮ್ಮ ಹೆಡ್‌ಮಾಸ್ತರರು ಪಂಚಾಯಿತಿಗೆ ಅಲೆದು ಅಲೆದು, ಮಳೆಗಾಲಕ್ಕೆ ಮೊದಲು ನೀರು ತರಿಸಿದರು. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಮರುವರ್ಷ ಅದೇ ಅಧಿಕಾರಿ ಡಬ್ಬಿಗಳು ಹೇಗಿವೆ ಎಂದು ನೋಡಲು ಬಂದರು. ಅಳುಕುತ್ತಲೇ ಅವರನ್ನು ಕಾಕುವಿನ ಅಡುಗೆಮನೆಗೆ ಕರೆದೊಯ್ದೆ. ಮುಚ್ಚಳ ತೆಗೆದು ಜೋಳ ಕಂಡವರು ಬೆಪ್ಪಾದರು.

"ಕಾಕು, ಇದರಾಗ ಕಸ ಹಾಕಬೇಕಿತ್ತಲ್ರಿ?"

"ಕಸಕ್ಕ ಊರ ತುಂಬ ಜಾಗಾ ಐತ್ರಿ ಸಾಹೇಬ್ರ. ಜ್ವಾಳಕ್ಕ ಇರಲಿಲ್ಲ."

ಇನ್ನು ಬೈಗುಳ ಬೀಳುತ್ತದೆ ಎಂದುಕೊಂಡೆ. ಆದರೆ ಅವರು ಸ್ವಲ್ಪ ಹೊತ್ತು ಯೋಚಿಸಿದರು, ಮುಖ ಅರಳಿತು. "ಬರೋಬ್ಬರಿ ಆತ್ರಿ ಮೇಡಮ್! ಈ ವರ್ಷ ನಮ್ದು ಆಹಾರ ಭದ್ರತಾ!"

ಬೊಗಸೆ ತುಂಬ ಜೋಳ ಹಿಡಿದು ಡಬ್ಬಿಯ ಪಕ್ಕ ನಿಲ್ಲಲು ಕಾಕುವಿಗೆ ಹೇಳಿ ಮೊಬೈಲ್ ತೆಗೆದರು. ನಾನು ನಗು ತಡೆಯಲಾಗದೆ ಬಾಗಿಲಾಚೆ ತಿರುಗಿದೆ. ಕಾಕು ಬೊಗಸೆಯ ಜೋಳವನ್ನು ಮತ್ತೆ ಡಬ್ಬಿಗೆ ಸುರಿದು ಮುಚ್ಚಳ ಹಾಕಿಬಿಟ್ಟರು.

"ತಡೀರಿ. ಇಳಕಲ್ ಸೀರಿ ಉಟ್ಕೊಂಡ ಬರ್ತೀನಿ."

ಅಧಿಕಾರಿ ಚಾಪೆಯ ಮೇಲೆ ಕುಳಿತು ಕಾದರು.