ಎಡಗಡೆ ಅಂಟಿಸದ ಹೂವು

ಗಂಟಲಿನ ಗಡ್ಡೆಯನ್ನು ತೆಗೆಸಲೇಬೇಕು, ಆದರೆ ದನಿ ಮೊದಲಿನಂತೆ ಉಳಿಯುವುದೆಂದು ಹೇಳಲಾಗದು ಎಂದು ಚಿತ್ರದುರ್ಗದ ವೈದ್ಯರು ತಿಳಿಸಿದ ಮೇಲೆ ನಾನು ಒಪ್ಪಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. ಪಾಠ ಹೇಳುವುದರ ಹೊರತು ನನಗೆ ಬೇರೆ ಬದುಕು ತಿಳಿದಿರಲಿಲ್ಲ. ಅಮ್ಮನವರ ಬಳಿ ಹೂವು ಕೇಳೋಣವೆಂದು ಅತ್ತೆ ನನ್ನನ್ನು ಶ್ರೀರಾಂಪುರದ ಬಸ್ಸು ಹತ್ತಿಸಿದರು. ಕಿಟಕಿಯಾಚೆ ತೆಂಗಿನ ತೋಟಗಳು ನೀರೊಳಗಿನ ನೆರಳುಗಳಂತೆ ಹಿಂದೆ ಸರಿಯುತ್ತಿದ್ದವು.

ಊರಾಚೆಯ ಪುಟ್ಟ ಗುಡಿಯಲ್ಲಿ ತರುಣ ಪೂಜಾರಿ ಒದ್ದೆ ಹೂವುಗಳನ್ನು ದೇವಿಯ ಮೈಗೆ ಅಂಟಿಸಿದ. ಬಲಗಡೆಯ ಹೂವು ಉದುರಿದರೆ ದೇವಿಯ ಒಪ್ಪಿಗೆ. ಎಡಗಡೆಯದು ಉದುರಿದರೆ ಬೇಡವೆಂದರ್ಥ. ನಾವು ಕುಳಿತೆವು. ಧೂಪದ ಹೊಗೆಯಲ್ಲಿ ದೇವಿಯ ಮುಖ ಹತ್ತಿರ ಬಂದು ದೂರವಾಗುತ್ತಿತ್ತು. ನಾನು ಎಚ್ಚರವಿದ್ದೆನೋ ಇಲ್ಲವೋ, ಎಂದೋ ಕಲಿಸಿದ ಮಕ್ಕಳು ಒಕ್ಕೊರಲಿನಿಂದ ಓದುವುದು ಕೇಳಿಸುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಒಳಬಂದರೂ ಹೂವು ಕದಲಲಿಲ್ಲ.

ಹೊಗೆ ತಿಳಿಯಾದಾಗ ಗಮನಿಸಿದೆ: ದೇವಿಯ ಎಡಭಾಗ ಬರಿದಾಗಿತ್ತು.

“ಅತ್ತೆ, ಎಡಗಡೆ ಹೂವೇ ಇಲ್ವಲ್ಲ?”

ಅತ್ತೆ ಸೆರಗಿನ ತುದಿಯನ್ನು ತಿರುವತೊಡಗಿದರು. ಪೂಜಾರಿ ಕೈಯೆತ್ತಿದ. “ನನ್ನ ನೋಡ್‌ಬ್ಯಾಡ್ರಿ ಮೇಡಂ. ಎಡಕ್ಕೆ ಅಂಟಿಸ್‌ಬ್ಯಾಡ ಅಂದಿದ್ದು ನಿಮ್ಮತ್ತೇನೇ.”

“ಹೂಂ, ಅಂದೆ. ಎಡದ್ದು ಬಿದ್ದಿದ್ರೆ ಇವಳು ಆಸ್ಪತ್ರೆ ಕಡೆ ತಲೆ ಹಾಕ್ತಿದ್ಲಾ?”

“ಅಮ್ಮನ ಮ್ಯಾಲೆ ಇಷ್ಟೇನಾ ಅಜ್ಜಿ ನಂಬ್ಕೆ? ಅದಕ್ಕೇ ಮುನಿಸ್ಕಂಡು ಕುಂತವ್ಳೆ!”

“ಸುಮ್ಕಿರೋ ಲೇ. ನನ್ನ ಕಳ್ಳಾಟ ಎಲ್ಲಾ ಅವಳಿಗೆ ಗೊತ್ತೈತೆ. ಇವತ್ತು ಹೊಸದೇನಲ್ಲ.”

ನಾನು ನಕ್ಕೆ. ಒಡೆದ ದನಿಯ ಆ ನಗು ಗರ್ಭಗುಡಿಗೂ ಕೇಳಿಸಿರಬೇಕು. ದೇವಿಗೇ ಮೋಸಮಾಡಿ, ಅವಳೆದುರೇ ನೆಮ್ಮದಿಯಾಗಿ ಕುಳಿತ ಅತ್ತೆಯನ್ನು ನೋಡುತ್ತಿದ್ದಂತೆ ನನ್ನೊಳಗಿನ ಬಿಗಿ ಸಡಿಲವಾಯಿತು.

“ಏಳ್ರಿ ಅತ್ತೆ, ಹೋಗಾಣ. ಆಪರೇಷನ್ ಮಾಡಿಸ್ಕಂತೀನಿ.”

“ಹೂವು ಕೊಡ್ಲಿಲ್ವಲ್ಲೇ?”

“ಕೊಡ್ದಿದ್ರೂ ಅಮ್ಮ ನಮ್ ಜೊತೇಲೇ ಅವ್ಳೆ.”

ಗಡ್ಡೆ ಹೋಯಿತು, ದನಿ ಅರ್ಧ ಮಾತ್ರ ಮರಳಿತು. ಕೊನೆಯ ಬೆಂಚಿಗೆ ತಲುಪದ ದನಿಯಲ್ಲಿ ಪಾಠ ಹೇಳುವುದು ಸರಿಯಲ್ಲವೆಂದು ಶಾಲೆಯನ್ನು ಬಿಟ್ಟೆ. ಆ ದುಃಖ ಇಂದಿಗೂ ಇದೆ. ಆದರೂ ಹೊಸದುರ್ಗದ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿ, ಪಿಸುದನಿಯಲ್ಲಿ ದೇವಿಯ ಸ್ತುತಿಯನ್ನು ಹೇಳುವಾಗ ಯಾರೋ ಬಹಳ ಹತ್ತಿರದಲ್ಲಿ ಕುಳಿತು ಆಲಿಸುತ್ತಿರುವಂತೆ ತೋರುತ್ತದೆ.

“ಜೋರಾಗಿ ಹೇಳೇ, ಕೇಳ್ಸಲ್ಲ,” ಎನ್ನುತ್ತಾರೆ ಅತ್ತೆ. ಈಗ ಅವರಿಗೆ ಕಿವಿ ಮಂದ.

“ಅಮ್ಮನಿಗೆ ಕೇಳ್ಸುತ್ತೆ ಬಿಡ್ರಿ,” ಎಂದು, ನಾನೇ ಅವರ ಪಕ್ಕಕ್ಕೆ ಸರಿದು ಕುಳಿತು ಮೊದಲಿನಿಂದ ಆರಂಭಿಸುತ್ತೇನೆ.