ಮುಚ್ಚಳ ತೆರೆಯಬೇಡಿ, ವಿರೋಧ ಬಾಕಿಯಿದೆ

ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆರೆದರೆ ಸಾಕು, ಎಂಥ ವಿರೋಧವೂ ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಕೋಲ್ಕತ್ತದ ನಮ್ಮ ಪುಟ್ಟ ಕನ್ನಡ ಬಳಗದಲ್ಲಿ ಇದು ಹಳೇ ಟ್ರಿಕ್.

ಕಳೆದ ಭಾನುವಾರ ಕಸ್ಬಾ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ ಬಳಗದ ಸಭೆ. ಅಧ್ಯಕ್ಷ ನಾನೇ. (ಬೇರೆ ಯಾರೂ ನಿಂತಿರಲಿಲ್ಲ. ಆ ಮಾತು ಈಗ ಬೇಡ ಬಿಡಿ.) ರಾಜ್ಯೋತ್ಸವದ ಭಾಷಣಕಾರರ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದ್ದೆ. ರೈಲ್ವೆಯಿಂದ ನಿವೃತ್ತರಾದ, ಧಾರವಾಡದ ಪಾಟೀಲರ ಮೊಮ್ಮಗಳು ಅದಿತಿಯದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಒಂದು ವಾಕ್ಯ ಕನ್ನಡವಾದರೆ ಎರಡು ಇಂಗ್ಲಿಷ್. ರಾಜ್ಯೋತ್ಸವದ ವೇದಿಕೆಯಲ್ಲಿ ಅದೆಲ್ಲ ನಡೆಯುತ್ತದೆಯೇ?

ಪಾಟೀಲರು ವಿರೋಧಿಸಲು ಎದ್ದರು. ನಾನು ಅಡುಗೆಯ ಬಂಗಾಳಿ ದಾದಾನಿಗೆ ಕಣ್ಸನ್ನೆ ಮಾಡಿದೆ. ಮುಚ್ಚಳ ತೆರೆಯಿತು. ತುಪ್ಪದ ಘಮಕ್ಕೆ ಕುರ್ಚಿಗಳು ಸರಿಯತೊಡಗಿದವು.

"ತಡೀರಿ ಅಧ್ಯಕ್ಷರ," ಎಂದು ಪಾಟೀಲರು ನಿಯಮಾವಳಿ ಹೊರತೆಗೆದರು. "ಕಲಂ ಹನ್ನೊಂದು. ವಿರೋಧ ಮಾಡೋರ ಮಾತು ಮುಗಿಯೋತನಕ ಊಟಾ ಬಡಸೂಹಂಗಿಲ್ಲ. ಇದನ್ನ ಬರದವ್ರು ನೀವ ಅಲ್ರೀ?"

ಹೌದು, ನಾನೇ! ಎಂಟು ವರ್ಷದ ಹಿಂದೆ ಅವರು ಅಧ್ಯಕ್ಷರು, ನಾನು ವಿರೋಧಿ. ನಾನು ಬಾಯಿ ತೆರೆದಾಗಲೆಲ್ಲ ಅವರು ಪಾತ್ರೆ ತೆರೆಸುತ್ತಿದ್ದರು. ಹೊಟ್ಟೆ ಉರಿದು, ಹಟ ಹಿಡಿದು ಆ ಕಲಂ ಸೇರಿಸಿದ್ದೆ. ಅಂದು ನನಗದು ಪ್ರಜಾಪ್ರಭುತ್ವದ ಜೀವಾಳ. ಈಗ? ಶುದ್ಧ ಕಿರಿಕಿರಿ.

"ಈ ಹಳೇ ನಿಯಮ ತಿದ್ದಬೇಕು ಕಣ್ರೀ," ಎಂದು ಗೊಣಗಿದೆ. ಕುರ್ಚಿ ಸಿಕ್ಕವರೆಲ್ಲ ಮೊದಲು ಆಡುವ ಮಾತು ಅದೇ ತಾನೇ?

ಪಾಟೀಲರು ಮಾತಾಡಿದರು. ಕೈ ಎತ್ತಿಸಿ ಎಣಿಸಿದ್ದಾಯಿತು. ನಾನು ಸೋತೆ, ಅದಿತಿಯ ಹೆಸರು ಪಟ್ಟಿಗೆ ಮರಳಿತು. ಮುಖ ಕೆಂಪಗೆ ಮಾಡಿಕೊಂಡು ಆಕ್ಷೇಪಿಸಲು ಎದ್ದೆ. ಪಾಟೀಲರ ಕಡೆಯವರೊಬ್ಬರು ಮೆಲ್ಲಗೆ ಮುಚ್ಚಳಕ್ಕೆ ಕೈಹಾಕಿದರು.

"ಮುಚ್ರಿ ಅದನ್ನ!" ಗದರಿದವರು ಪಾಟೀಲರೇ. "ಅಧ್ಯಕ್ಷರದು ವಿರೋಧ ಐತಿ. ಕೇಳ್ರಿ."

ಹನ್ನೆರಡು ನಿಮಿಷ ಕೂಗಾಡಿದೆ. ಒಬ್ಬರ ಮನಸ್ಸೂ ಬದಲಾಗಲಿಲ್ಲ. ರಾಜೀನಾಮೆ ಬಿಸಾಕಿ ಹೋಗಬೇಕೆಂದಿದ್ದ ಸಿಟ್ಟು ಮಾತ್ರ ಬಾತಿನ ಜೊತೆಗೇ ಆರಿತು. ಪಾಟೀಲರ ಪಕ್ಕದಲ್ಲೇ ಕೂತು ಉಂಡೆ. (ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ?)

ಸಂವಿಧಾನ ಎಂಬ ದಪ್ಪ ಪುಸ್ತಕ ದೇಶಕ್ಕೆ ಮಾಡುವ ಉಪಕಾರವೂ ಇದೇ. ಜಗಳ ಇದ್ದೇ ಇರುತ್ತದೆ. ಸೋತವನೂ ಪಂಕ್ತಿಯಲ್ಲಿ ಉಳಿಯುತ್ತಾನೆ. ಆದರೆ ಪುಸ್ತಕ ತಾನಾಗಿಯೇ ಎದ್ದು ಮಾತಾಡುವುದಿಲ್ಲವಲ್ಲ.

ದೇಶದ ದೊಡ್ಡ ಸಭೆಗಳಲ್ಲಿ ಮುಚ್ಚಳ ತೆರೆಸುವ ನನ್ನಂಥವರಿಗೇನೂ ಬರವಿಲ್ಲ. ಗೆದ್ದ ಮೇಲೂ ಅದನ್ನು ಮುಚ್ಚಿಸುವ ಪಾಟೀಲರು ಎಷ್ಟು ಮಂದಿ ಇದ್ದಾರೆ?